ಕೋವಿ ಎತ್ತುವ ಮುನ್ನ ಒಂದು ಕೂಗು

ಒಂದು ಕಡೆ ಸುಮ್ಮನೆ ಕೂರುವುದು ನನ್ನ ಜಾಯಮಾನವಲ್ಲ. ಕೊಡಿಗೇನಹಳ್ಳಿಯಲ್ಲಿ ನನ್ನದೊಂದು ಹೊಲಿಗೆ ಅಂಗಡಿ ಇದೆ. ಒಂದು ಜಾಕೀಟು ಮುಗಿಯುವಷ್ಟರಲ್ಲಿ ಹತ್ತು ಸಲ ಎದ್ದು ಬಾಗಿಲಿಗೆ ಹೋಗಿ ಬರುತ್ತೇನೆ. ಅಂಥವಳಿಗೆ ಅಪ್ಪ ಕೋವಿ ಕಲಿಸಲು ಹೊರಟಿದ್ದ. ಕಡಲೆಕಾಯಿ ಹೊಲಕ್ಕೆ ಹಂದಿ ಇಳಿಯುವುದು ಜಾಸ್ತಿಯಾಗಿತ್ತು, ಅಪ್ಪನಿಗೆ ವಯಸ್ಸಾಗಿತ್ತು. ಲೈಸೆನ್ಸಿಗೆ ನನ್ನ ಹೆಸರು ಸೇರಿತ್ತು, ಆದರೆ ಗುರಿ ಕಲಿಯುವ ತನಕ ಹಂದಿ ಕಾಯಲು ಕೋವಿ ಕೊಡುವುದಿಲ್ಲ ಅಂತ ಅವನ ಹಟ.

ಅದು ನಳಿಗೆಯ ಬಾಯಿಂದ ಮದ್ದು ತುಂಬಿ ಗಜದ ಕಡ್ಡಿಯಿಂದ ಜಡಿಯುವ ಹಳೇ ಕೋವಿ. ದುರ್ಬೀನು ಗಿರ್ಬೀನು ಏನೂ ಇಲ್ಲ. ಕಣ್ಣಿನ ಹತ್ತಿರ ಒಂದು ಸೀಳು, ನಳಿಗೆಯ ತುದಿಯಲ್ಲಿ ಜೋಳದ ಕಾಳಿನಷ್ಟು ಹಿತ್ತಾಳೆ ಮಣಿ, ಅಷ್ಟೇ. ಗಾಳಿಗೆ ಗುಂಡು ಹಾರಿಸುವವರನ್ನು ಕಂಡರೆ ಅಪ್ಪನಿಗೆ ಆಗುತ್ತಿರಲಿಲ್ಲ, ಅದು ಯಾರ ತಲೆ ಮೇಲೆ ಬೀಳುತ್ತದೋ ಎನ್ನುತ್ತಿದ್ದ. ಹಂದಿ ಬೆದರಿಸಲು ಹಾರಿಸುವ ಗುಂಡನ್ನೂ ಅವನು ಗುರಿಯಿಟ್ಟೇ ಹೊಡೆಯುತ್ತಿದ್ದ. ಅದಕ್ಕೆಂದೇ ಹೊಲದಾಚೆಯ ಕಟ್ಟೆಯ ಏರಿಗೆ, ಮೆತ್ತನೆ ಮಣ್ಣಿಗೆ, ಸುಣ್ಣ ಬಳಿದ ಒಡಕು ಮಡಕೆಯೊಂದನ್ನು ಒತ್ತಿಟ್ಟಿದ್ದ.

ಸೂಜಿಗೆ ದಾರ ಪೋಣಿಸುವ ಕಣ್ಣು ನನ್ನದು, ಇದೇನು ಮಹಾ ಅಂದುಕೊಂಡಿದ್ದೆ. ಮಡಕೆಗೆ ಮಾತ್ರ ಒಂದು ಗುಂಡೂ ತಾಗಲಿಲ್ಲ.

"ಮಡಕೆ ನೋಡ್ಬ್ಯಾಡ ಕಣಮ್ಮ, ಮಣಿ ನೋಡು. ಮಡಕೆ ಮಬ್ಬಾದ್ರೆ ಆಗ್ಲಿ ಬುಡು" ಎನ್ನುತ್ತಿದ್ದ ಅಪ್ಪ.

ಹೊಡೆಯಬೇಕಾದ್ದನ್ನೇ ನೋಡಬಾರದು ಅಂದರೆ ಅದ್ಯಾವ ಸೀಮೆ ವಿದ್ಯೆ ಅಂತ ನನಗೆ ರೇಗುತ್ತಿತ್ತು.

ಅದಕ್ಕಿಂತ ರೇಜಿಗೆಯದು ಕೂಗು. ಗೊಬ್ಬರಕ್ಕೆಂದು ಹೊಲಗಳಲ್ಲಿ ಕುರಿಮಂದೆ ಬಿಡುವ ಊರು ನಮ್ಮದು. ಇವತ್ತು ಈ ಹೊಲದಲ್ಲಿದ್ದ ಮಂದೆ ನಾಳೆ ಎಲ್ಲಿರುತ್ತದೋ ಗೊತ್ತಿಲ್ಲ. ಅದಕ್ಕೇ ಕೋವಿ ಎತ್ತುವ ಮುನ್ನ "ಮಂದೆ ಐತಾ?" ಎಂದು ಕೂಗಬೇಕು, ಕೂಗಿ ಕಾಯಬೇಕು, ಯಾರಾದರೂ ಓಗೊಟ್ಟರೆ ಹೊಡೆಯಬಾರದು. ಕಾಯುವುದೆಂದರೆ ನನಗೆ ಮೈಯೆಲ್ಲ ಇರುವೆ ಹರಿದಂತಾಗುತ್ತಿತ್ತು.

ಒಂದು ಮುಸ್ಸಂಜೆ ಹೊಲದ ತುದಿಯಲ್ಲಿ ಸರಬರ ಸದ್ದಾಯಿತು. ನನ್ನ ತಡಬಡಿಕೆ ನೋಡಲಾರದೆ ಪಕ್ಕದಲ್ಲಿ ಕೂತಿದ್ದ ಅಪ್ಪನೇ ಕೋವಿ ಇಸಿದುಕೊಂಡ. ಏರಿಯ ಕಡೆ ತಿರುಗಿ ಕೂಗಿದ. ಏರಿಯ ಬುಡದಿಂದ ಪಾವಗಡ ಕಡೆಯ ರಾಗದಲ್ಲಿ "ಐತಣ್ಣೋ" ಎಂದು ಉತ್ತರ ಬಂತು. ಸದ್ಯ, ಕೋವಿ ಇಳಿಸುತ್ತಾನೆ ಅಂದುಕೊಂಡೆ. ಅಪ್ಪ ಎಂದಿನಂತೆ ತಾಳ್ಮೆಯಿಂದ ಕಾದ. ಆಮೇಲೆ ಕೋವಿಯ ಕುದುರೆಯನ್ನು ಹಿಂದಕ್ಕೆ ಎಳೆದು, ಕೆನ್ನೆಯನ್ನು ಹಿಡಿಗೆ ಒತ್ತಿ ಮಡಕೆಗೆ ಗುರಿಯಿಟ್ಟ. "ಐತೆ, ಐತೆ" ಎಂದು ಆ ದನಿ ಮತ್ತೆ ಬಂತು. ಅಪ್ಪನ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ.

ಆಗ ಹೊಳೆಯಿತು. ಕೆಲವು ತಿಂಗಳಿಂದ ಅವನು ಟೀವಿ ಜೋರು ಮಾಡುವುದನ್ನು, ಕರೆದರೂ ತಿರುಗದೆ ಹೋಗುವುದನ್ನು ನಾನು ಮುದುಕರ ಮೊಂಡು ಅಂತ ಬೈದುಕೊಂಡಿದ್ದೆ. ನಳಿಗೆಯನ್ನು ಎರಡೂ ಕೈಯಲ್ಲಿ ಹಿಡಿದು ನೆಲಕ್ಕೆ ಅದುಮಿದೆ. ಪುಣ್ಯಕ್ಕೆ ಸಿಡಿಯಲಿಲ್ಲ.

"ಗುರಿ ಕುಂತಿತ್ತಲ್ಲೇ, ಯಾಕೆ ತಳ್ದೆ?" ಎಂದು ಗದರಿದ.

"ಅಪ್ಪ, ಮಂದೆಯವ್ನು ಎರಡು ಸಲ ಓಗೊಟ್ಟ" ಎಂದು ಕಿವಿಯ ಹತ್ತಿರ ಬಾಯಿಟ್ಟು ಹೇಳಿದೆ.

ಗಾಳಿಗೆ ಮರೆಯಾಗಿ ಏರಿಗೆ ಒರಗಿದ್ದ ಕುರಿಯವನು ಕಂಬಳಿ ಕೊಡವಿಕೊಂಡು ಎದ್ದುನಿಂತ. ಅವನ ಪಕ್ಕದಲ್ಲೇ ಬೆಳ್ಳಗೆ ಮಡಕೆ ಕಾಣುತ್ತಿತ್ತು. ಅಪ್ಪ ಅವನನ್ನೇ ನೋಡುತ್ತ ಕುದುರೆಯನ್ನು ಮೆಲ್ಲಗೆ ಇಳಿಸಿದ.

"ಎರಡು ಸಲವಾ?" ಎಂದ. ಕೋವಿಯನ್ನು ನನ್ನ ತೊಡೆಯ ಮೇಲಿಟ್ಟ. ನನಗೆ ಅಳು ಬಂತು.

ಈಗ ಕೋವಿ ನನ್ನದು. ಮಡಕೆಗೆ ಒಮ್ಮೊಮ್ಮೆ ತಾಗುತ್ತದೆ. ಅಪ್ಪನೂ ಬಂದು ಪಕ್ಕದಲ್ಲಿ ಕೂರುತ್ತಾನೆ. ಕೂಗುವುದು ಇವತ್ತಿಗೂ ಅವನೇ, ಅಂಥ ಗಂಟಲು ನನಗಿಲ್ಲ. ಕೂಗಿದ ಮೇಲೆ ಅವನು ಏರಿಯ ಕಡೆ ನೋಡುವುದಿಲ್ಲ, ನನ್ನ ಮುಖ ನೋಡುತ್ತಾನೆ. ಗಾಳಿ ಇರುವ ದಿನ ಓಗೊಟ್ಟರೋ ಇಲ್ಲವೋ ನನಗೂ ಸರಿಯಾಗಿ ತಿಳಿಯುವುದಿಲ್ಲ. ಅಂಥ ದಿನ ಕೋವಿ ಕೆಳಗಿಡುತ್ತೇನೆ. ಹಂದಿ ಕಡಲೆಕಾಯಿ ಕೀಳುವ ಸದ್ದು ನನಗೊಬ್ಬಳಿಗೇ ಕೇಳುತ್ತಿರುತ್ತದೆ.