ಸಾಕುಮಗಳು ಎಂಬಲ್ಲಿಯ ‘ಸಾಕು’

ಮಿಕ್ಸರ್ ಕೊಂಡರೆ ಅದರ ಗ್ಯಾರಂಟಿ ಕಾರ್ಡನ್ನು ದೇವರ ಪಟದ ಹಿಂದೆ ಜೋಪಾನ ಮಾಡುವ, ಊರಿಗೆ ಹೊರಡುವ ಮುನ್ನ ಗ್ಯಾಸಿನ ನಾಬನ್ನು ಮತ್ತೆ ಮತ್ತೆ ಮುಟ್ಟಿ ನೋಡುವ ನಮ್ಮಂಥ ಮುಂದಾಲೋಚನೆಯ ಕುಟುಂಬಸ್ಥರು, ಎಲ್ಲಕ್ಕಿಂತ ಖಚಿತವಾದ ಒಂದು ಪ್ರಯಾಣಕ್ಕೆ ಮಾತ್ರ ಯಾವ ಸಿದ್ಧತೆಯನ್ನೂ ಮಾಡಿಕೊಂಡಿರುವುದಿಲ್ಲ. ನೀವು ಮಾಡಿಕೊಂಡಿದ್ದರೆ ಕ್ಷಮಿಸಿ; ನಾನಂತೂ ಮಾಡಿಕೊಂಡಿರಲಿಲ್ಲ. ತಪ್ಪು ನಮ್ಮದೊಂದೇ ಅಲ್ಲ, ಶಬ್ದದ್ದೂ ಇದೆ. ನಮ್ಮ ಕೊಲ್ಹಾಪುರದ ಮರಾಠಿಯಲ್ಲಿ ಅದರ ಹೆಸರು ‘ಮೃತ್ಯುಪತ್ರ’. ಕೇಳಿದರೇ ಜ್ವರ ಬರಬೇಕು. ಕನ್ನಡದಲ್ಲಿ ‘ಉಯಿಲು’. ಉಯಿಲಿಗೂ ಹುಯಿಲಿಗೂ ನಡುವೆ ಇರುವುದು ಒಂದೇ ಒಂದು ಹಕಾರ. ಉಯಿಲು ಬರೆಯದೆ ಹೋದವರ ಮನೆಯಲ್ಲಿ ಆ ಹಕಾರವನ್ನು ನೆಂಟರೇ ಸೇರಿಸಿಕೊಳ್ಳುತ್ತಾರೆ.

ಈ ವಿಷಯದಲ್ಲಿ ನನ್ನ ಕಣ್ಣು ತೆರೆಸಿದವಳು ಗಂಗವ್ವತ್ತಿ, ನನ್ನ ತಂದೆಯ ತಂಗಿ. ಗಡಹಿಂಗ್ಲಜ ಹತ್ತಿರದ ನೇಸರಿಯಲ್ಲಿ ಎಮ್ಮೆ ಕಟ್ಟಿ, ಡೇರಿಗೆ ಹಾಲು ಹಾಕಿ, ಗಂಡ ತೀರಿದ ಮೇಲೆ ತನ್ನ ದುಡಿಮೆಯಿಂದಲೇ ಬಾವಿಯ ಪಕ್ಕದ ತುಂಡು ಹೊಲವನ್ನೂ ಅದರಂಚಿನ ಹಂಚಿನ ಮನೆಯನ್ನೂ ಕೊಂಡವಳು. ಆಕೆಗೆ ಮಕ್ಕಳಾಗಲಿಲ್ಲ. ನೆರೆಮನೆಯಲ್ಲಿ ತಾಯಿ ಸತ್ತು ತೊಟ್ಟಿಲಲ್ಲಿ ಅಳುತ್ತಿದ್ದ ರುಕ್ಮಿಣಿಯನ್ನು ಎತ್ತಿಕೊಂಡು ಬಂದು ಬೆಳೆಸಿದಳು. ದತ್ತಕದ ಶಾಸ್ತ್ರವಿಲ್ಲ, ಕಾಗದವಿಲ್ಲ. ಈಗ ರುಕ್ಮಿಣಿ ಗಂಡನೊಂದಿಗೆ ಅದೇ ಮನೆಯಲ್ಲಿದ್ದಾಳೆ. ಎಮ್ಮೆಗಳು ಆಕೆಯ ದನಿ ಕೇಳಿದರಷ್ಟೇ ಹಾಲು ಬಿಡುತ್ತವೆ.

ಕಣ್ಣಿನ ಪೊರೆ ತೆಗೆಸಲು ಕೊಲ್ಹಾಪುರಕ್ಕೆ ಬಂದ ಅತ್ತಿ ನಮ್ಮ ಮನೆಯಲ್ಲಿ ಇಳಿದಿದ್ದಳು. ಕಪ್ಪು ಕನ್ನಡಕ ಹಾಕಿಕೊಂಡು ಸಿನಿಮಾ ನಟಿಯ ಠೀವಿಯಲ್ಲಿ ಕೂತಿದ್ದ ಆಕೆಯನ್ನು ಮಾತಾಡಿಸಲು ಪಕ್ಕದ ಮನೆಯ ವಕೀಲರು ಬಂದರು. ಗಡಹಿಂಗ್ಲಜ ಕಡೆಯವರಾದ ಅವರು ಕನ್ನಡ ಮಾತಾಡುವವರು ಸಿಕ್ಕರೆ ಸುಲಭಕ್ಕೆ ಏಳುವವರಲ್ಲ. ಮಾತು ಎಮ್ಮೆಯಿಂದ ಹೊಲಕ್ಕೆ ಸರಿದು, ನಿಮ್ಮ ತರುವಾಯ ಅದು ಯಾರಿಗೆ ಎಂಬಲ್ಲಿಗೆ ಬಂದು ನಿಂತಿತು.

“ಯಾರಿಗಂದ್ರ? ನಮ್ಮ ರುಕ್ಮಿಗಿ. ಊರಿಗೆಲ್ಲಾ ಗೊತ್ತೈತಿ. ಬ್ಯಾಂಕಿನಾಗೂ ಆಕೀ ಹೆಸರ ಹಾಕೇನಿ,” ಎಂದಳು ಅತ್ತಿ.

“ಊರಿಗೆ ಗೊತ್ತೈತ್ರಿ ಆಯಿ, ಕಾಯ್ದೇಕ ಗೊತ್ತಿಲ್ಲ,” ಎಂದರು ವಕೀಲರು. ಬ್ಯಾಂಕಿನ ನಾಮಿನಿ ಎಂದರೆ ಹಣವನ್ನು ಪಡೆದು ವಾರಸುದಾರರಿಗೆ ಮುಟ್ಟಿಸಬೇಕಾದವರಷ್ಟೇ, ಒಡೆಯರಲ್ಲ. ಮಕ್ಕಳಿಲ್ಲದ ವಿಧವೆ ಏನನ್ನೂ ಬರೆದಿಡದೆ ಹೋದರೆ ಸ್ವಂತ ದುಡಿಮೆಯ ಆಸ್ತಿಯೂ ಆಕೆಯ ಗಂಡನ ವಾರಸುದಾರರಿಗೆ ಹೋಗುತ್ತದೆ. ಅಂದರೆ ಅತ್ತಿಯ ತೀರಿಹೋದ ಮೈದುನನ ಮಗ, ಇಚಲಕರಂಜಿಯಲ್ಲಿ ವಿದ್ಯುತ್ ಮಗ್ಗ ನಡೆಸುವ ಶಂಕರನಿಗೆ. ರುಕ್ಮಿಣಿಗೆ ಆ ಮನೆಯ ಹೊಸ್ತಿಲೂ ದಕ್ಕದು.

ಅತ್ತಿ ಮೆಲ್ಲಗೆ ಕನ್ನಡಕ ತೆಗೆದಳು. “ಕಣ್ಣ ಮಾಡಿಸಿದ್ದು ಚಲೋ ಆತು,” ಎಂದಳು.

ಉಯಿಲು ಬರೆಸುವುದೆಂದು ಅಲ್ಲೇ ತೀರ್ಮಾನವಾಯಿತು; ಅಡ್ಡಿ ಬಂದದ್ದು ರುಕ್ಮಿಣಿಯಿಂದಲೇ. ಅತ್ತಿಯನ್ನು ಕರೆದೊಯ್ಯಲು ಬಂದವಳು ಸುದ್ದಿ ಕೇಳಿ ಕಿವಿ ಮುಚ್ಚಿಕೊಂಡಳು. “ಅವ್ವಾ, ಮೃತ್ಯುಪತ್ರ ಅನ್ನೂ ಮಾತ ಬಾಯಾಗ ತಗೀಬ್ಯಾಡ. ನಂಗ ಹೊಲಾ ಬ್ಯಾಡ, ನೀ ಇದ್ರ ಸಾಕು.” ಮರಾಠಿಯಲ್ಲಿ ಅದನ್ನು ‘ಇಚ್ಛಾಪತ್ರ’ ಎಂತಲೂ ಕರೆಯುತ್ತಾರೆಂದು ವಕೀಲರು ಸಮಾಧಾನ ಹೇಳಿದಾಗ ಆಕೆಯ ಭಯ ಕೊಂಚ ಇಳಿಯಿತು, ಅದರ ಅಡಿಯಲ್ಲಿದ್ದ ನಿಜವಾದ ಭಯ ಆಗ ಮೇಲೆ ಬಂತು. “ಮುದುಕಿ ತಲಿ ತಿರುಗಿಸಿ ಬರಿಸಿಕೊಂಡ್ಲು ಅಂತಾರ ಮಂದಿ. ಶಂಕರಣ್ಣ ಮತ್ತ ನಮ್ಮ ಮನಿಗಿ ಕಾಲಿಡೂದಿಲ್ಲ.”

“ಹಂಗಾರ ಶಂಕರನ್ನ ಮೊದಲ ಕರಸೂಣು. ನಾ ಬದುಕಿದ್ದಾಗ ಆಗೂ ಜಗಳಾನ ನಾ ಬಿಡಿಸೇನು, ಸತ್ತ ಮ್ಯಾಲ ಎದ್ದ ಬರಾಕ ಆಗೂದಿಲ್ಲ,” ಎಂದಳು ಅತ್ತಿ.

ಕರಡು ಬರೆಯುವ ಭಾಗ್ಯ ನನಗೆ ಬಂತು. ಉಯಿಲು ಯಾವ ಭಾಷೆಯಲ್ಲಾದರೂ ಇರಬಹುದು, ನೋಂದಣಿಗೆ ಮರಾಠಿ ಅನುವಾದ ಲಗತ್ತಿಸಿದರಾಯಿತು ಎಂದು ವಕೀಲರು ಹೇಳಿದ್ದೇ ತಡ, ಕಾಲೇಜಿನಲ್ಲಿ ಭೂಗೋಳ ಕಲಿಸಿ ನಿವೃತ್ತಳಾಗಿ ನಮ್ಮ ಮನೆಯ ಮಟ್ಟಿಗೆ ಸುಪ್ರಸಿದ್ಧ ಗದ್ಯಲೇಖಕಿಯಾಗಿರುವ ನಾನು ಲೇಖನಿ ಝಳಪಿಸಿದೆ. ‘ನಶ್ವರವಾದ ಈ ದೇಹವು ಪಂಚಭೂತಗಳಲ್ಲಿ ಲೀನವಾಗುವ ಮುನ್ನ ಸ್ವಸ್ಥಚಿತ್ತಳಾಗಿ, ಸ್ವಸಂತೋಷದಿಂದ...’ ಎಂದು ಓದುವಷ್ಟರಲ್ಲಿ ಅತ್ತಿ ಕೈಯೆತ್ತಿದಳು.

“ಪೂಜಿ ಮಾಡಾಕತ್ತಿಯೇನ? ನನಗ ತಿಳಿಯೂ ಹಂಗ ಬರಿಯವ್ವಾ. ಹೆಬ್ಬಟ್ಟ ಒತ್ತಾಕಿ ನಾನು.”

ಪಂಚಭೂತಗಳು ಹೊರನಡೆದವು. ಮುಂದೆ ‘ನನ್ನ ಸಾಕುಮಗಳು ರುಕ್ಮಿಣಿ’ ಎಂಬಲ್ಲಿ ಮತ್ತೆ ಕೈ ಮೇಲೆದ್ದಿತು. “ಸಾಕು ಅನ್ನೂದು ಸಾಕ ಮಾಡು. ಮಗಳು ಅಂತ ಬರಿ.” ಇಲ್ಲದ ಸಂಬಂಧ ಬರೆದರೆ ನಾಳೆ ತಕರಾರು ಮಾಡುವವರಿಗೆ ಅದೇ ಹಿಡಿಕೆಯಾಗುತ್ತದೆಂದು ವಕೀಲರು ಅನುಮಾನಿಸಿದರು. ಸಾಕಷ್ಟು ಚರ್ಚೆಯಾಗಿ, ಕಡೆಗೆ ‘ನಾನು ಹೆರದಿದ್ದರೂ ಮಗಳೆಂದೇ ಬೆಳೆಸಿದ ರುಕ್ಮಿಣಿ’ ಎಂದಾಯಿತು. ಅತ್ತಿ ಆ ಸಾಲನ್ನು ಮತ್ತೊಮ್ಮೆ ಓದಿಸಿದಳು. “ಹೆರೂದು ಒಂದಿನದ್ದು,” ಎಂದು ತನ್ನಷ್ಟಕ್ಕೆ ಹೇಳಿಕೊಂಡಳು.

ಕರಡು ಹಿಡಿದು ವಕೀಲರೂ ನಾನೂ ನೇಸರಿಗೆ ಹೋದೆವು; ಶಂಕರ ಮೋಟರ್ ಸೈಕಲ್ಲಿನ ಮೇಲೆ ಅಲ್ಲಿಗೆ ಬಂದ. ವಕೀಲರು ಓದುತ್ತಿದ್ದರೆ ಅವನು ತಲೆ ತಗ್ಗಿಸಿ ಕೇಳುತ್ತಿದ್ದ. ರುಕ್ಮಿಣಿ ಒಳಗೆ ರೊಟ್ಟಿ ತಟ್ಟುವ ಸದ್ದು ನಿಂತುಹೋಗಿತ್ತು. ನಾನು ಮನಸ್ಸಿನಲ್ಲೇ ಹುಯಿಲಿಗೆ ಸಿದ್ಧಳಾದೆ.

“ಕಾಕೂ, ನಾ ಯಾವತ್ತರೆ ಹೊಲಾ ಕೇಳೇನೇನ?” ಎಂದ ಶಂಕರ.

“ಇಲ್ಲೋ ಅಪ್ಪಾ.”

“ಖರೇ ಹೇಳ್ತೇನಿ, ಬಾಯಿ ಬಿಟ್ಟ ಕೇಳಿಲ್ಲ, ಮನಸಿನಾಗ ಬಂದೈತಿ. ಹೊಸಾ ಮಗ್ಗ ಹಾಕಬೇಕು ಅನಿಸಿದಾಗೆಲ್ಲ ಈ ಹೊಲಾ ನೆಪ್ಪ ಆಕ್ಕಿತ್ತು.” ತಗ್ಗಿಸಿದ್ದ ತಲೆ ಎತ್ತಿದ. “ಹೊಲಾ ಆಕೀಗೇ ಇರಲಿ. ಆದ್ರ ಕಾಕಾ ಹೋದ ಮ್ಯಾಲ ಈ ಊರಾಗ ನಂದು ಅಂತ ಉಳದದ್ದು ಇದೊಂದ ಮನಿ. ನೀನೂ ಹೋದಿ ಅಂದ್ರ ನಾ ಯಾರ ಮನಿಗಿ ಬರ್ಲಿ?”

ನಮ್ಮ ಕರಡಿನಲ್ಲಿ ಹೊಲದ ನಾಲ್ಕೂ ದಿಕ್ಕಿನ ಗಡಿ ಇತ್ತು. ಶಂಕರ ಬಂದು ಕೂರುವ ಜಾಗ ಅದರಲ್ಲಿರಲಿಲ್ಲ. ರುಕ್ಮಿಣಿ ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು.

“ಯಾರ ಮನಿಗಿ ಅಂದ್ರ ಏನಣ್ಣಾ? ಇದ ಮನಿಗಿ ಬರಬೇಕು. ಬರಲಿಲ್ಲಂದ್ರ ನಾ ಇಚಲಕರಂಜಿಗೆ ಬಂದ ಎಳಕೊಂಡ ಬರ್ತೇನಿ.”

“ಅದನ್ನೂ ಬರಿ,” ಎಂದಳು ಅತ್ತಿ ನನಗೆ. ಊಟೋಪಚಾರವನ್ನು ಯಾವ ಕೋರ್ಟೂ ಜಾರಿ ಮಾಡದು ಎಂದು ವಕೀಲರು ನಕ್ಕರು. “ಇಚ್ಛಾಪತ್ರ ಅಂದ್ರೆಲ್ಲ ಸಾಹೇಬ್ರ? ಇದ ನನ್ನ ಇಚ್ಛಾ,” ಎಂದುಬಿಟ್ಟಳು. ಹೀಗಾಗಿ ಆ ಗಂಭೀರ ದಸ್ತಾವೇಜಿನ ಕೊನೆಯಲ್ಲಿ ‘ಶಂಕರನು ಬಂದಾಗಲೆಲ್ಲ ಈ ಮನೆಯಲ್ಲಿ ಉಂಡೇ ಹೋಗತಕ್ಕದ್ದು’ ಎಂಬ ವಾಕ್ಯ ಇಂದಿಗೂ ಇದೆ.

ಇನ್ನು ಸಾಕ್ಷಿಗಳು. ಇಬ್ಬರು ಬೇಕು, ಉಯಿಲಿನಿಂದ ಅವರಿಗೆ ಲಾಭವಿರಬಾರದು. ಅತ್ತಿಯ ಬುದ್ಧಿ ಸ್ಥಿಮಿತದಲ್ಲಿದೆಯೆಂದು ಬರೆದುಕೊಟ್ಟ ಊರ ಡಾಕ್ಟರು ಒಬ್ಬರಾದರು. “ಇನ್ನೊಂದ ಸಹಿ ನಾ ಹಾಕ್ತೇನಿ,” ಎಂದ ಶಂಕರ. ವಕೀಲರು ಅವನ ಕೈ ಕುಲುಕಿ, ಊಟ ಲಾಭದ ಲೆಕ್ಕಕ್ಕೆ ಬಾರದೆಂದರು. ನಮ್ಮ ಕಡೆ ಉಯಿಲಿಗೆ ಕೋರ್ಟಿನಿಂದ ಪ್ರೊಬೇಟ್ ಎಂಬ ಮಂಜೂರಾತಿ ತರುವುದು ಕಡ್ಡಾಯವಲ್ಲ, ಯಾರಾದರೂ ತಕರಾರು ಎತ್ತಿದರಷ್ಟೇ ಕೋರ್ಟಿನ ಮೆಟ್ಟಿಲು; ತಕರಾರು ಎತ್ತಬಹುದಾದವನೇ ಸಾಕ್ಷಿಯಾಗಿ ನಿಂತರೆ ಅದಕ್ಕಿಂತ ಗಟ್ಟಿ ಕಾಗದವಿಲ್ಲ ಎಂದರು. ಎಲ್ಲವನ್ನೂ ನಡೆಸಿಕೊಡಬೇಕಾದ ವ್ಯವಸ್ಥಾಪಕಿ ನಾನೇ ಎಂದಾಯಿತು. “ನನಗಿಂತ ಮೊದಲ ಹೋಗಬ್ಯಾಡ ಮತ್ತ,” ಎಂದು ಅತ್ತಿ ಎಚ್ಚರಿಸಿದಳು.

ಗಡಹಿಂಗ್ಲಜದ ನೋಂದಣಿ ಕಚೇರಿಗೆ ಎಲ್ಲರೂ ಹೋದೆವು. ಲಾಭ ಪಡೆಯುವವಳು ಒಳಗಿರದಿದ್ದರೆ ಒಳ್ಳೆಯದೆಂದು ರುಕ್ಮಿಣಿಯನ್ನು ಬಾಗಿಲ ಹೊರಗೆ ನಿಲ್ಲಿಸಿದ್ದರು. ಅಧಿಕಾರಿ ಅತ್ತಿಯನ್ನು ಕೇಳಿದರು: “ಆಜಿ, ಕೋಣಾಚಾ ದಬಾವ್ ಆಹೇ ಕಾ?” ಯಾರದಾದರೂ ಒತ್ತಡವಿದೆಯೇ ಎಂದು.

“ದಬಾವ ಐತೆಲ್ಲ, ಬೀಪಿ. ದಿನಾ ಗುಳಿಗಿ ತಗೋತೇನಿ,” ಎಂದಳು ಅತ್ತಿ. ನಾನು ಅನುವಾದಿಸುವ ಮೊದಲೇ ಕಚೇರಿಯೆಲ್ಲ ನಕ್ಕಿತು. ಮನಸ್ಸು ಬಂದರೆ ಇದನ್ನು ಬದಲಿಸಬಹುದೇ ಎಂದು ವಿಚಾರಿಸಿದಳು. ಬದುಕಿರುವವರೆಗೆ ಎಷ್ಟು ಸಲವಾದರೂ, ಎಂದರು. “ಕೇಳಿದೇನ?” ಎಂದು ಬಾಗಿಲ ಕಡೆ ಕೂಗಿದಳು, “ಚಹಾದಾಗ ಸಕ್ಕರಿ ಕಡಿಮಿ ಹಾಕಿದಿ ಅಂದ್ರ ನೋಡು!”

ಶಂಕರನ ಸಹಿಯ ಸರದಿ ಬಂದಾಗ ಅಧಿಕಾರಿ ಕಾಗದದ ಮೇಲೆ ಬೆರಳಿಟ್ಟು, “ಹೀ ರುಕ್ಮಿಣೀ ತುಮಚೀ ಕೋಣ್?” ಎಂದರು. ಈಕೆ ನಿಮಗೇನಾಗಬೇಕು? ಕಾನೂನಿನ ಪ್ರಕಾರ ಇದಕ್ಕೆ ಉತ್ತರ ‘ಏನೂ ಅಲ್ಲ’. ಶಂಕರ ಪೆನ್ನಿನ ಮುಚ್ಚಳ ತೆಗೆಯುತ್ತ, ಊಟವಾಯಿತೇ ಎಂದರೆ ಆಯಿತು ಎನ್ನುವಷ್ಟು ಸಹಜವಾಗಿ, “ಬಹೀಣ್,” ಎಂದ. ತಂಗಿ. ಬಾಗಿಲ ಹೊರಗೆ ನಿಂತವಳು ಸೆರಗಿನಿಂದ ಮುಖ ಒರೆಸಿಕೊಂಡಳು.

ಮಗ್ಗ ನಿಲ್ಲಿಸಿ ಬಂದೇನಿ, ನೇರ ಇಚಲಕರಂಜಿಗೆ ಹೋಗಬೇಕು ಎನ್ನುತ್ತಿದ್ದ ಶಂಕರ ನಮ್ಮ ಜೊತೆ ನೇಸರಿಯ ಬಸ್ಸನ್ನೇ ಹತ್ತಿದ. ಅತ್ತಿ ಕಿಟಕಿಯ ಬದಿಗೆ ಕೂತಳು. ಅವಳ ಪಕ್ಕದಲ್ಲಿ ಯಾರು ಕೂಡಬೇಕೆಂದು ಅಣ್ಣ-ತಂಗಿಯ ನಡುವೆ ಎದ್ದ ತಕರಾರು ಕಂಡಕ್ಟರ್ ಗದರಿಸುವವರೆಗೂ ಇತ್ಯರ್ಥವಾಗಲಿಲ್ಲ. ವ್ಯವಸ್ಥಾಪಕಿಯಾದ ನಾನು ಹಿಂದಿನ ಸೀಟಿನಲ್ಲಿ ಕೂತು, ಮಧ್ಯೆ ಬಾಯಿ ಹಾಕದೆ, ಆ ಜಗಳವನ್ನು ಮನಸಾರೆ ಕೇಳಿಸಿಕೊಂಡೆ.