ಅಕ್ಕೋರ ಹಸಿರಂಚಿನ ಸೀರೆ

ಅಕ್ಕೋರು ಸುಳ್ಳು ಹೇಳುವಾಗ ಕನ್ನಡಕ ತೆಗೆದು ಸೆರಗಿನಿಂದ ಒರೆಸುತ್ತಿದ್ದರು. ಅವರ ಸುಳ್ಳುಗಳೆಲ್ಲ ನಮ್ಮಂಥವರ ಸಲುವಾಗಿಯೇ ಇರುತ್ತಿದ್ದುದರಿಂದ ಅದನ್ನು ಕಂಡರೆ ನಮಗೆ ಹೋದ ಜೀವ ಬಂದಂತಾಗುತ್ತಿತ್ತು. "ನಮ್ಮ ಸಂಬಂಧದವಳೇ, ಮನೆಲಿ ಕೂತು ಬೇಜಾರಂತೆ" ಎಂದು ಬೈತಖೋಲದ ಮೀನಿನ ಶೆಡ್ಡಿನವನ ಎದುರು ಗಾಜು ಒರೆಸಿದರೆಂದರೆ, ಯಾವಳಿಗೋ ಕೆಲಸ ಸಿಕ್ಕಿತೆಂದೇ ಲೆಕ್ಕ.

ಕಾರವಾರದಲ್ಲಿ ಬಹಳ ವರ್ಷ ಬಾಲವಾಡಿ ನಡೆಸಿದ ಹೆಂಗಸು. ಹೆಸರು ಸುಮತಿ ಎಂದು ನನಗೆ ತಿಳಿದದ್ದೇ ಆಮೇಲೆ. ಅವರು ಮೂಗು ಒರೆಸಿ ಅಕ್ಷರ ತಿದ್ದಿಸಿದ ಹುಡುಗರು ಈಗ ಲಾಡ್ಜು, ಕ್ಯಾಂಟೀನುಗಳ ಮಾಲಕರಾಗಿದ್ದರು. ಮೀಸೆ ಹಣ್ಣಾದವರೂ ಅವರನ್ನು ಕಂಡರೆ ಕುರ್ಚಿ ಬಿಟ್ಟು ಏಳುತ್ತಿದ್ದರು. ಬಾಡಿಗೆ ಕಟ್ಟಲಾಗದೆ ನಾಳೆಯೋ ನಾಡಿದ್ದೋ ಬೀದಿಗೆ ಬೀಳುವ ಹೆಂಗಸರನ್ನು ಹುಡುಕಿ ಹುಡುಕಿ ಆ ಕುರ್ಚಿಗಳ ಎದುರು ನಿಲ್ಲಿಸುವುದು ನಿವೃತ್ತಿಯ ಮೇಲೆ ಅವರು ತಾವಾಗಿಯೇ ತಲೆಗೆ ಕಟ್ಟಿಕೊಂಡ ಉದ್ಯೋಗ.

ಅದಕ್ಕೆಂದೇ ಅವರ ಬಳಿ ಒಂದು ಸೀರೆ ಇತ್ತು. ಬೂದು ಬಣ್ಣದ, ಹಸಿರಂಚಿನ ಕಾಟನ್ ಸೀರೆ. ಕೆಲಸ ಕೇಳಲು ಹೋಗುವವಳು ಅದನ್ನುಟ್ಟೇ ಹೋಗಬೇಕು. ಕೆಲಸ ಸಿಕ್ಕಮೇಲೆ ಒಗೆದು, ಗಂಜಿ ಹಾಕಿ, ಇಸ್ತ್ರಿ ಮಾಡಿ ಮರಳಿಸಬೇಕು. "ಗತಿ ಇಲ್ದೆ ಬಂದವಳಿಗೆ ಯಾರೂ ಕೆಲಸ ಕೊಡೂದಿಲ್ಲ, ತಂಗೀ. ಇದ್ದ ಕೆಲಸ ಬಿಟ್ಟು ಬಂದವಳ ಹಾಗೆ ಕಾಣ್ಬೇಕು" ಎನ್ನುತ್ತಿದ್ದರು. ನೆರಿಗೆಯನ್ನು ತಾವೇ ಹಿಡಿದು ಉಡಿಸುತ್ತಿದ್ದರು.

ನನಗೂ ಉಡಿಸಿದರು. ಟ್ರಾಲರ್ ಮೇಲೆ ಹೋದ ಗಂಡ ಗೋವೆಯಲ್ಲೇ ಇನ್ನೊಂದು ಸಂಸಾರ ಹೂಡಿಕೊಂಡಿದ್ದ. ಬಿಣಗಾದ ಬಾಡಿಗೆ ಕೋಣೆಯ ಧಣಿ ನನ್ನ ಪಾತ್ರೆಗಳನ್ನು ಜಗಲಿಗೆ ತಂದಿಟ್ಟಿದ್ದ. ಮಗಳು ಶಾಲೆಯಿಂದ ಬಂದವಳು ಆ ಪಾತ್ರೆಗಳ ನಡುವೆಯೇ ಕೂತು ಪಾಠ ಬರೆಯುತ್ತಿದ್ದಳು. ಅಕ್ಕೋರಿಗೆ ಅದನ್ನು ಯಾರು ಹೇಳಿದರೋ, ಮರುದಿನವೇ ಬಂದರು. ಕಾರವಾರದ ಒಂದು ಲಾಡ್ಜಿನಲ್ಲಿ ಚಾದರ, ದಿಂಬಿನ ಚೀಲ ಒಗೆದು ಇಸ್ತ್ರಿ ಮಾಡುವ ಕೆಲಸ ಸಿಕ್ಕಿತು. ಕೆಲವೇ ತಿಂಗಳಲ್ಲಿ ಅಮದಳ್ಳಿಯಲ್ಲಿ ಬಾಗಿಲಿಗೆ ಸರಿಯಾದ ಚಿಲಕವಿದ್ದ ಕೋಣೆ ಹಿಡಿದೆ. ಮೊದಲ ದಿನ ಅವರನ್ನೇ ಕರೆದು ಚಹಾ ಕೊಟ್ಟೆ. ಅವರು ಕೂತಲ್ಲಿಂದಲೇ ಚಿಲಕವನ್ನು ನೋಡಿ, "ಗಟ್ಟಿ ಅದೆ" ಎಂದರು.

ಮುಂದಿನ ಮಳೆಗಾಲದಲ್ಲಿ ಒಂದು ಸಂಜೆ ಲಾಡ್ಜಿಗೆ ಬಂದು ಅದೇ ಸೀರೆಯನ್ನು ನನ್ನ ಮೇಜಿನ ಮೇಲಿಟ್ಟರು. ನಾಳೆಯೊಳಗೆ ಬೇಕು, ನಿನ್ನ ಕೈಯ ಇಸ್ತ್ರಿ ಬೇರೆಯವರಿಗೆ ಬರುವುದಿಲ್ಲ ಎಂದರು. ಯಾರಿಗೆ ಎಂದು ಕೇಳಿದೆ. ಶೆಡ್ಡಿಗೊಬ್ಬಳನ್ನು ಕಳಿಸುವುದಿದೆ ಎನ್ನುತ್ತ ಕನ್ನಡಕ ಒರೆಸಿದರು. ಹೊರಗೆ ಜಡಿಮಳೆ, ಗಾಜಿಗೆ ಹನಿ ಬಿದ್ದಿರಬೇಕು ಎಂದುಕೊಂಡೆ. ಯಾರ ಹೊಟ್ಟೆ ತಣ್ಣಗಾಗುವುದೋ ಎಂದು ಅಂಚನ್ನು ಎರಡೆರಡು ಸಲ ತೀಡಿದೆ.

ಎರಡು ದಿನದ ಮೇಲೆ ಬೆಳಿಗ್ಗೆ ಕೆಲಸಕ್ಕೆ ಹೋದರೆ ನನ್ನ ಮೇಜಿನ ಪಕ್ಕದಲ್ಲಿ ಒಬ್ಬಳು ನಿಂತಿದ್ದಳು. ನನಗಿಂತ ಚಿಕ್ಕವಳು. ಮೈಮೇಲೆ ಹಸಿರಂಚಿನ ಸೀರೆ, ನಾನೇ ತೀಡಿದ ಇಸ್ತ್ರಿ ಇನ್ನೂ ಮುರಿದಿರಲಿಲ್ಲ. ಮಾಲಕ ಇನ್ನೂ ಬಾಯಿ ತೆರೆದಿರಲಿಲ್ಲ, ನನಗೆ ಎಲ್ಲ ತಿಳಿದುಹೋಯಿತು. ಆಮೇಲೆ ಅವನು ತಲೆ ತಗ್ಗಿಸಿ, ಅಕ್ಕೋರು ಹೇಳಿದ ಮೇಲೆ ತಾನೇನು ಮಾಡಲಿ ಎಂದ.

ಸೀದಾ ಅವರ ಮನೆಗೆ ಹೋದೆ. ಅಕ್ಕಿ ಆರಿಸುತ್ತಿದ್ದರು. ಮೊರ ಕೆಳಗಿಡಲಿಲ್ಲ.

"ನಿಂಗೆ ಈಗ ಮನೆ ಅದೆ, ತಂಗೀ. ಅವಳು ಮಗು ಕಟ್ಕಂಡು ಬಸ್ ಸ್ಟ್ಯಾಂಡಲ್ಲಿ ಮಲಗ್ತಿದ್ಳು. ನಿಂಗೆ ಕೆಲಸ ಬರ್ತದೆ, ಎಲ್ಲಾದ್ರೂ ಸಿಕ್ತದೆ."

"ನಂಗೆ ಒಂದ್ ಮಾತು ಕೇಳೂದಲ್ವಾ, ಅಕ್ಕೋರೇ?"

"ಕೇಳಿದ್ರೆ ಬಿಡ್ತಿದ್ಯಾ?"

"ಇಲ್ಲ."

"ಅದಕ್ಕೇ ಕೇಳ್ಲಿಲ್ಲ."

ಆಗ ಕನ್ನಡಕ ಮೂಗಿನ ಮೇಲೇ ಇತ್ತು. ನನ್ನ ಕೈಯಿಂದಲೇ ಇಸ್ತ್ರಿ ಮಾಡಿಸಿಕೊಂಡರಲ್ಲ, ಅದು ಮಾತ್ರ ಇಂದಿಗೂ ನುಂಗಲಾಗಿಲ್ಲ. ಬೇರೆ ಯಾರು ಹೀಗೆ ಮಾಡಿದ್ದರೂ ಬೈದು ಮರೆಯುತ್ತಿದ್ದೆ. ತಾಯಿಯ ಹಾಗೆ ನೆರಿಗೆ ಹಿಡಿದವರೇ ಮೋಸ ಮಾಡಿದಾಗ ಬೈಗುಳವೂ ಬರಲಿಲ್ಲ.

ಎಲ್ಲಾದರೂ ಸಿಗುತ್ತದೆ ಎಂದಿದ್ದ ಕೆಲಸ ಆ ಮಳೆಗಾಲವಿಡೀ ಸಿಗಲಿಲ್ಲ. ಅಮದಳ್ಳಿಯ ಕೋಣೆ ಹೋಯಿತು. ಅಂಕೋಲೆಯಲ್ಲಿ ಪರಿಚಯದವರ ಇಸ್ತ್ರಿ ಅಂಗಡಿಯ ಹಿಂದೆ, ಊರವರ ಬಟ್ಟೆ ಗಂಟುಗಳ ನಡುವೆ, ನಾನೂ ಮಗಳೂ ಮಲಗಿದೆವು. ನಿಧಾನಕ್ಕೆ ಆ ಮೇಜೇ ನನ್ನದಾಯಿತು, ತಲೆಯ ಮೇಲೊಂದು ಸೂರೂ ಆಯಿತು. ಅಕ್ಕೋರು ಅಂದಂತೆಯೇ ಆಯಿತಲ್ಲ ಎಂದು ಯಾರಾದರೂ ಹೇಳಿದರೆ ನನಗೆ ಈಗಲೂ ಮೈ ಉರಿಯುತ್ತದೆ.

ಅಕ್ಕೋರು ತೀರಿಹೋಗಿ ವರ್ಷವಾಯಿತು. ಕೊನೆಯ ಸಲ ಅವರನ್ನು ನೋಡಿದ್ದು ಆ ಮೇಜಿನ ಎದುರೇ. ಬಸ್ಸಿಳಿದು ಏದುಸಿರು ಬಿಡುತ್ತ ಬಂದರು. ಮಗಳ ಓದು ವಿಚಾರಿಸಿದರು, ನಾನು ತರಿಸಿದ ಚಹಾ ಕುಡಿದರು, ಆಮೇಲೆ ಚೀಲದಿಂದ ಸೀರೆ ತೆಗೆದು ಮುಂದಿಟ್ಟರು. ಹಸಿರಂಚು ಮಾಸಿತ್ತು.

"ಯಾರ ಜಾಗಕ್ಕೆ, ಅಕ್ಕೋರೇ?" ಎಂದೆ.

"ಯಾರದೂ ಅಲ್ಲ, ತಂಗೀ. ಖಾಲಿ ಇದ್ದದ್ದೇ."

ಹೇಳುತ್ತಲೇ ಕನ್ನಡಕ ತೆಗೆದು ಸೆರಗಿನಿಂದ ಒರೆಸತೊಡಗಿದರು. ಆ ದಿನ ಮಳೆ ಇರಲಿಲ್ಲ. ನಾನು ಸೀರೆಯನ್ನು ಹಾಗೆಯೇ ಚೀಲಕ್ಕೆ ಹಾಕಿ ಅವರ ಕೈಗೆ ಕೊಟ್ಟೆ.