ಎಪ್ಪತ್ತನಾಲ್ಕು ಕಿಲೋಮೀಟರ್ ಬೇಲಿ, ಒಬ್ಬ ಅಕ್ಕ

ಬೆಳಿಗ್ಗೆ ಆರಕ್ಕೆ ಇನ್ನೂ ಹತ್ತು ನಿಮಿಷವಿದೆ. ಉದ್ಯಾನದ ಹಿಂಬದಿಯ ಬೇಲಿಯ ಮುಂದೆ ಹೆಂಗಸೊಬ್ಬರು ಕುಕ್ಕರಗಾಲಲ್ಲಿ ಕೂತಿದ್ದಾರೆ. ಎಡಗೈಯಲ್ಲಿ ಟಾರ್ಚು, ಬಲಗೈಯಲ್ಲಿ ಪುಟ್ಟ ಸುತ್ತಿಗೆ. ಕಬ್ಬಿಣದ ಕಂಬದ ಬುಡದ ಮಣ್ಣನ್ನು ಬೆರಳಿನಿಂದಲೇ ಕೆದರಿ ಎರಡು ಸಲ ಬಡಿಯುತ್ತಾರೆ. ಟಣ್ ಅಂದರೆ ಎದ್ದು ಮುಂದಿನ ಕಂಬಕ್ಕೆ. ಈ ಸಲ ಟಣ್ ಅನ್ನುವುದಿಲ್ಲ, ಡಬ್ ಅನ್ನುತ್ತದೆ. ಇನ್ನೊಮ್ಮೆ ಬಡಿದು, ತಲೆ ಓರೆ ಮಾಡಿ ಕೇಳಿಸಿಕೊಳ್ಳುತ್ತಾರೆ.

"ಇವನು ಹೋದ," ಎನ್ನುತ್ತ ಕಂಬದ ನೆತ್ತಿಗೆ ಹಳದಿ ಬಣ್ಣದ ಗೆರೆ ಎಳೆಯುತ್ತಾರೆ. "ನೋಡೋಕೆ ಮದುವೆ ಗಂಡಿನ ಥರ ಇದ್ದಾನೆ. ಬಣ್ಣ ಹೊಸದು, ಮೈ ನೆಟ್ಟಗಿದೆ. ಬುಡ ಮಾತ್ರ ಬಿಸ್ಕತ್ತು."

ನಗರಸಭೆಯ ಕಾಗದಪತ್ರಗಳಲ್ಲಿ ಇವರು ಬೇಲಿ ನಿರ್ವಹಣೆಯ ಮೇಲ್ವಿಚಾರಕಿ. ಬೀದಿಯಲ್ಲಿ ಮಾತ್ರ ಎಲ್ಲರಿಗೂ ಬೇಲಿ ಅಕ್ಕ. ಉದ್ಯಾನ, ಶಾಲೆ, ಆಟದ ಮೈದಾನ, ನೀರಿನ ಟ್ಯಾಂಕು, ಕಾಲುವೆ ದಂಡೆ, ಸ್ಮಶಾನ ಹೀಗೆ ಊರಿಗೆ ಸೇರಿದ ಬೇಲಿ ಎಲ್ಲಿದ್ದರೂ ಅದರ ಜಾತಕ ಇವರ ಬಳಿ ಇದೆ. ಒಟ್ಟು ಎಪ್ಪತ್ತನಾಲ್ಕು ಕಿಲೋಮೀಟರ್. ದಿನಕ್ಕೆ ಒಂದೂವರೆ ಕಿಲೋಮೀಟರಿನಂತೆ, ಒಂದೊಂದೇ ಕಂಬ ಬಡಿದು ನೋಡುತ್ತ ನಡೆದರೆ ಎರಡು ತಿಂಗಳಲ್ಲಿ ಊರೊಂದು ಸುತ್ತು. ಮುಗಿದ ಮರುದಿನ ಮತ್ತೆ ಒಂದನೇ ಕಂಬ. ವಯಸ್ಸು ಐವತ್ತೇಳು, ಬಲ ಮಂಡಿ ಆಗಾಗ ಮುಷ್ಕರ ಹೂಡುತ್ತದೆ. ನಾಯಿ ಎಷ್ಟು ಸಲ ಕಚ್ಚಿದೆ ಎಂದು ಕೇಳಿದರೆ, "ನಾಲ್ಕು ಸಲ. ಈಗ ನಮ್ಮಿಬ್ಬರಿಗೂ ರಾಜಿಯಾಗಿದೆ," ಎಂದು ನಗುತ್ತಾರೆ.

ಅಪ್ಪ ಗೇಟು, ಕಿಟಕಿ ಸರಳು ಮಾಡುತ್ತಿದ್ದ ಕಮ್ಮಾರ. ತಿದಿ ಊದುವ ಕೆಲಸ ಮಗಳದು. ಕಬ್ಬಿಣದ ಸದ್ದು ಅವರ ಕಿವಿಗೆ ಹತ್ತಿದ್ದು ಅಲ್ಲಿ. ಅಪ್ಪ ಹಾಸಿಗೆ ಹಿಡಿದಾಗ ಕಾಲೇಜು ಅರ್ಧಕ್ಕೆ ನಿಂತಿತು. ಇಪ್ಪತ್ತೆರಡನೇ ವಯಸ್ಸಿಗೆ ನಗರಸಭೆಯಲ್ಲಿ ದಿನಗೂಲಿಗೆ ಬೇಲಿಗೆ ಬಣ್ಣ ಬಳಿಯಲು ಸೇರಿದರು. ಕೆಲಸ ಕಾಯಂ ಆಗಲು ಹನ್ನೊಂದು ವರ್ಷ ಹಿಡಿಯಿತು. "ತುಕ್ಕಿನ ಮೇಲೇ ಬಳಿ ಅಂತಿದ್ರು. ಕೆರೆದು ಬಳಿದ್ರೆ ದಿನಕ್ಕೆ ಮೂವತ್ತು ಅಡಿ, ಹಾಗೇ ಬಳಿದ್ರೆ ನೂರು ಅಡಿ. ನಾನು ಕೆರೀತಿದ್ದೆ, ಬೈಸ್ಕೋತಿದ್ದೆ. ಎರಡು ವರ್ಷ ಆದ್ಮೇಲೆ ಎಲ್ಲರ ಬಣ್ಣಾನೂ ಎದ್ದು ಬಂತು, ನನ್ನ ಮೂವತ್ತು ಅಡಿ ಮಾತ್ರ ಹಾಗೇ ಇತ್ತು. ಆವಾಗ ಬೈಯೋದು ನಿಲ್ಸಿದ್ರು."

ಮೇಲ್ವಿಚಾರಕಿ ಆದ ಮೇಲೂ ಬೇಲಿಗೆಂದು ಬಜೆಟ್ಟಿನಲ್ಲಿ ಜಾಗವೇ ಇರಲಿಲ್ಲ. ರಸ್ತೆ, ದೀಪ, ಚರಂಡಿ ಎಲ್ಲ ಮುಗಿದು, ಕೊನೆಗೆ 'ಇತರೆ' ಎಂಬ ಸಾಲಿನಲ್ಲಿ ಏನಾದರೂ ಉಳಿದರೆ ಬೇಲಿಗೆ. ಉಳಿಯುತ್ತಿರಲಿಲ್ಲ. ಬೇಲಿ ಬಿದ್ದರೆ ಮಾತ್ರ ಓಡಾಟ, ಹೊಸ ಬೇಲಿಗೆ ಟೆಂಡರು, ಫೋಟೊ. ಬೀಳುವ ಮುಂಚೆ ಹಿಡಿದು ನಿಲ್ಲಿಸುವುದಕ್ಕೆ ಕಾಸಿಲ್ಲ.

ಏಳು ವರ್ಷದ ಹಿಂದೆ, ಕಾಲುವೆ ಪಕ್ಕದ ಪ್ರಾಥಮಿಕ ಶಾಲೆಯ ಬೇಲಿಯಲ್ಲಿ ಆರು ಕಂಬಗಳು ಡಬ್ ಅಂದಿದ್ದವು. ಅಕ್ಕ ಒಂದಾದ ಮೇಲೊಂದು ವರದಿ ಬರೆದರು. 'ಅನುದಾನವಿಲ್ಲ' ಎಂಬ ಷರಾದೊಂದಿಗೆ ಪ್ರತಿ ಸಲವೂ ಕಡತ ವಾಪಸು ಬಂತು. ಎಂಟು ತಿಂಗಳು ಕಳೆಯಿತು. ಒಂದು ಬೆಳಿಗ್ಗೆ ಮಕ್ಕಳೆಲ್ಲ ತರಗತಿಗೆ ಹೋದ ಮೇಲೆ, ಶಾಲೆಯ ಕಾವಲುಗಾರ ಬೇಲಿಗೆ ಬೆನ್ನು ಕೊಟ್ಟು ನಿಂತರು. ಕಂಬ ಬುಡದಲ್ಲಿ ಮುರಿದು, ಹತ್ತು ಅಡಿ ಕೆಳಗೆ ಕಾಲುವೆಯ ಕಲ್ಲಿನ ಮೇಲೆ ಬಿದ್ದರು. ಸೊಂಟದ ಮೂಳೆ ಮುರಿಯಿತು.

ಸಂಜೆ ಅಕ್ಕ ಆಸ್ಪತ್ರೆಗೆ ಹೋದರು. ಕಾವಲುಗಾರರೇ ಮೊದಲು ಮಾತಾಡಿದರು: "ಹೋಗ್ಲಿ ಬಿಡಮ್ಮ. ಆಟದ ಬಿಡುವಿನಲ್ಲಿ ದಿನಾ ಎಪ್ಪತ್ತು ಮಕ್ಕಳು ಅಲ್ಲೇ ಸಾಲಾಗಿ ಒರಗಿಕೊಂಡು ನಿಲ್ತಾರೆ. ಒರಗಿದ್ದು ನಾನಾಯ್ತಲ್ಲ, ಅಷ್ಟೇ ಸಾಕು."

ಈ ಮಾತು ಹೇಳಿ ಅಕ್ಕ ಸುತ್ತಿಗೆ ಕೆಳಗಿಡುತ್ತಾರೆ. "ನಾನು ಬರೆದಿದ್ದೆ, ತಪ್ಪು ನನ್ನದಲ್ಲ ಅಂತ ಎಲ್ಲರೂ ಸಮಾಧಾನ ಹೇಳಿದ್ರು. ಸಮಾಧಾನ ಆಗ್ಲಿಲ್ಲ. ಬರೆದು ಕೂತಿದ್ದೆನಲ್ಲ. ಬರೆಯೋದು ಅರ್ಧ ಕೆಲಸ ಅಂತ ಅವತ್ತು ಗೊತ್ತಾಯ್ತು."

ನಗರಸಭೆ ತಕ್ಷಣ ಎದ್ದಿತು, ಕಾಲುವೆಯುದ್ದಕ್ಕೂ ಒಂದು ಕಿಲೋಮೀಟರ್ ಹೊಚ್ಚ ಹೊಸ ಉಕ್ಕಿನ ಬೇಲಿ ಎಂದಿತು. ಬೇಡ ಎಂದವರು ಅಕ್ಕ ಒಬ್ಬರೇ. ಆ ಹಣದಲ್ಲಿ ಹದಿನಾಲ್ಕು ಕಿಲೋಮೀಟರ್ ಹಳೆ ಬೇಲಿ ಗಟ್ಟಿಯಾಗುತ್ತದೆ ಎಂಬುದು ಅವರ ವಾದ. ಲೆಕ್ಕ ತೋರಿಸು ಎಂದರು. ಊರಲ್ಲಿ ಬೇಲಿ ಎಷ್ಟಿದೆ ಎಂಬ ಲೆಕ್ಕ ಯಾರ ಹತ್ತಿರವೂ ಇರಲಿಲ್ಲ.

ಅಂದಿನಿಂದ ನಾಲ್ಕು ತಿಂಗಳು, ಕಚೇರಿ ತೆರೆಯುವ ಮುಂಚೆ, ಗಂಡ ಹೆಂಡತಿ ಇಬ್ಬರೂ ಊರು ಅಳೆದರು. ಗಂಡ ದರ್ಜಿ. "ನಮ್ಮೆಜಮಾನ್ರು ಮೊದಲನೇ ದಿನ ಅಂಗಡಿ ಟೇಪು ತಂದಿದ್ರು. ಐದಡಿ ಟೇಪಲ್ಲಿ ಊರು ಅಳೆಯೋಕೆ ಹೊರಟಿದ್ರು ಪುಣ್ಯಾತ್ಮ!" ಪ್ರತಿ ಬೇಲಿಗೂ ಒಂದು ಸಂಖ್ಯೆ, ವಯಸ್ಸು, ಸ್ಥಿತಿ. ಗಟ್ಟಿ, ಬಣ್ಣ ಬೇಕು, ಬೆಸುಗೆ ಬೇಕು, ಅಪಾಯ ಎಂದು ನಾಲ್ಕು ದರ್ಜೆ. ಅಳೆಯುತ್ತಾ ಹೋದಂತೆ ಇನ್ನೊಂದು ಸಂಗತಿ ಕಣ್ಣಿಗೆ ಬಿತ್ತು. ಆಗ ಊರಲ್ಲಿದ್ದದ್ದು ಎಂಬತ್ತಮೂರು ಕಿಲೋಮೀಟರ್ ಬೇಲಿ. ಅದರಲ್ಲಿ ಒಂಬತ್ತು ಕಿಲೋಮೀಟರ್ ಏನನ್ನೂ ಕಾಯುತ್ತಿರಲಿಲ್ಲ. ಇಪ್ಪತ್ತು ವರ್ಷದ ಹಿಂದೆ ಮುಚ್ಚಿದ ಕೊಳದ ಸುತ್ತ ಬೇಲಿ, ಕೆಡವಿದ ಉಗ್ರಾಣಕ್ಕೆ ಬೇಲಿ, ಒಂದು ಕಡೆಯಂತೂ ಬೇಲಿಗೇ ಬೇಲಿ. "ಬೇಡದ್ದನ್ನ ಬಿಚ್ಚಿ ಬೇಕಾದ್ದಕ್ಕೆ ಹಾಕೋಣ ಅನ್ನಿಸ್ತು. ಮನೇಲಿ ಹಳೇ ಪ್ಯಾಂಟಿನ ಬಟ್ಟೆ ತೇಪೆಗೆ ಬರಲ್ವಾ, ಹಾಗೆ."

ಯೋಜನೆ ಹಿಡಿದು ಲೆಕ್ಕಾಧಿಕಾರಿಯ ಕೋಣೆಗೆ ಹೋದ ದಿನ, ಕಡತದ ಜೊತೆ ಹಳೆ ದಿನಪತ್ರಿಕೆಯಲ್ಲಿ ಸುತ್ತಿದ ಇನ್ನೊಂದು ವಸ್ತುವೂ ಇತ್ತು. ಲೆಕ್ಕಾಧಿಕಾರಿ ಬಿಗಿ ಕೈಯವರೆಂದು ಇಡೀ ಕಚೇರಿಗೆ ಗೊತ್ತು. ಅಕ್ಕ ಕಟ್ಟು ಬಿಚ್ಚಿ, ಶಾಲೆಯ ಬೇಲಿಯಿಂದ ತಂದ ಕಂಬದ ಬುಡವನ್ನು ಅವರ ಗಾಜಿನ ಮೇಜಿನ ಮೇಲೆ ಇಟ್ಟರು.

"ಏನಮ್ಮ ಇದು? ಮೇಜು ಗಲೀಜಾಗುತ್ತೆ."

"ಪೆನ್ನಲ್ಲಿ ಒಂದ್ಸಲ ಚುಚ್ಚಿ ನೋಡಿ ಸಾರ್."

ಅಧಿಕಾರಿ ಮುಖ ಸಿಂಡರಿಸಿ ಪೆನ್ನಿನ ತುದಿ ಒತ್ತಿದರು. ಪೆನ್ನು ಒಳಗೆ ಹೋಗಿ ಆಚೆ ಬದಿಯಿಂದ ಹೊರಬಂತು.

"ಇಷ್ಟು ಹಾಳಾಗಿದ್ರೆ ಮೊದಲೇ ಯಾಕೆ ಹೇಳಲಿಲ್ಲ?"

"ಒಂಬತ್ತು ಸಲ ಹೇಳಿದ್ದೆ ಸಾರ್. ಕಾಗದದಲ್ಲಿ ಹೇಳಿದ್ದೆ. ಕಾಗದದಲ್ಲಿ ತುಕ್ಕು ಕಾಣಿಸಲ್ವಲ್ಲ."

ಹೊಸ ಉಕ್ಕಿನ ಬೇಲಿಯ ಮಾತು ಬಿದ್ದುಹೋಯಿತು. ಆ ವರ್ಷದ ಬಜೆಟ್ಟಿನಲ್ಲಿ 'ಬೇಲಿ ನಿರ್ವಹಣೆ' ಎಂಬ ಸಾಲು ಮೊದಲ ಬಾರಿಗೆ ಮುದ್ರಣವಾಯಿತು. ಮೊತ್ತ ಕೇಳಿದ್ದರ ಅರ್ಧ. ಉಳಿದರ್ಧ ಬೇಡದ ಬೇಲಿಗಳಿಂದ ಹುಟ್ಟಬೇಕೆಂಬುದು ಲೆಕ್ಕಾಧಿಕಾರಿಯ ಷರತ್ತು. ಅಕ್ಕ ಒಪ್ಪಿದರು. ಅದೇ ಕಷ್ಟದ ಕೆಲಸ ಎಂದು ಆಗ ಗೊತ್ತಿರಲಿಲ್ಲ. ಬೇಲಿ ಮುರಿದು ಬಿದ್ದಾಗ ತಿರುಗಿ ನೋಡದ ಜನ, ಬಿಚ್ಚಲು ಹೋದರೆ ಮೈಮೇಲೆ ಬಂದರು. ಮುಚ್ಚಿದ ಕೊಳದ ಎದುರುಮನೆಯ ನಿವೃತ್ತ ಮೇಷ್ಟ್ರು ಬೇಲಿಗೆ ಅಡ್ಡ ಕುರ್ಚಿ ಹಾಕಿಕೊಂಡು ಕೂತೇ ಬಿಟ್ಟರು.

"ಮೇಷ್ಟ್ರೇ, ಒಳಗೆ ಕೊಳ ಇಲ್ಲ, ಮಣ್ಣಿದೆ ಅಷ್ಟೇ."

"ಅದು ನನಗೂ ಗೊತ್ತು ಕಣಮ್ಮ. ಬೇಲಿ ತೆಗೆದ್ರೆ ಮಕ್ಕಳು ಬಂದು ಆಡ್ತಾರೆ."

"ಆಡ್ಲಿ ಬಿಡಿ."

"ನಲವತ್ತು ವರ್ಷ ಆ ಗಲಾಟೆ ಕೇಳಿದ್ದೀನಿ, ಇನ್ನೂ ಕೇಳಬೇಕಾ?"

ಅಕ್ಕ ಜಗಳ ಆಡಲಿಲ್ಲ. ಒಂದು ಬದಿ ಮಾತ್ರ ಬಿಚ್ಚುತ್ತೇನೆ, ತಿಂಗಳು ನೋಡಿ, ಆಗದಿದ್ದರೆ ನಾನೇ ಬಂದು ಕಟ್ಟಿಕೊಡುತ್ತೇನೆ ಎಂದು ಮಾತು ಕೊಟ್ಟರು. ತಿಂಗಳ ಕೊನೆಗೆ ಹೋದಾಗ ಮೇಷ್ಟ್ರು ಅದೇ ಕುರ್ಚಿಯನ್ನು ಬಯಲಿನ ನಡುವೆ ಹಾಕಿಕೊಂಡು, ಆಟದಲ್ಲಿ ಯಾರು ಔಟು ಎಂದು ತೀರ್ಪು ಕೊಡುತ್ತಿದ್ದರು. ಉಳಿದ ಮೂರು ಬದಿ ಬಿಚ್ಚುವಾಗ ತಾವೇ ನಿಂತು ಬೋಲ್ಟು ಎಣಿಸಿದರಂತೆ.

ಅಲ್ಲಿಂದ ಬಿಚ್ಚಿದ ಪೈಪುಗಳು ಮೊದಲು ಹೋದದ್ದು ಕಾಲುವೆ ಪಕ್ಕದ ಶಾಲೆಗೆ. ಬುಡಕ್ಕೆ ಕಾಂಕ್ರೀಟು, ನೀರು ನಿಲ್ಲದ ಹಾಗೆ ಇಳಿಜಾರು, ತುಕ್ಕು ಕೆರೆದು ಎರಡು ಪದರ ಬಣ್ಣ. ಕೋಲೂರಿ ನಡೆಯುವಂತಾಗಿದ್ದ ಕಾವಲುಗಾರರನ್ನು ಅಕ್ಕ ಕರೆಸಿದರು. ಅವರು ಬೇಲಿಯನ್ನು ಎರಡೂ ಕೈಯಲ್ಲಿ ಹಿಡಿದು ಅಲ್ಲಾಡಿಸಿದರು, ಮತ್ತೆ ಅಲ್ಲಾಡಿಸಿದರು, ಆಮೇಲೆ ತಿರುಗಿ ನಿಂತು ಬೆನ್ನು ಕೊಟ್ಟರು. "ಅದಕ್ಕಿಂತ ದೊಡ್ಡ ಸರ್ಟಿಫಿಕೇಟು ನನಗೆ ಯಾರೂ ಕೊಟ್ಟಿಲ್ಲ," ಎನ್ನುತ್ತಾರೆ ಅಕ್ಕ.

ಅಪಾಯದ ದರ್ಜೆಯಲ್ಲಿ ಆಗ ಹನ್ನೊಂದು ಕಿಲೋಮೀಟರ್ ಬೇಲಿ ಇತ್ತು. ಇಂದು ಇರುವುದು ಮುನ್ನೂರು ಮೀಟರ್. ಅದಕ್ಕೂ ಈ ತಿಂಗಳೇ ಮುಹೂರ್ತ. ಐದು ಜನರ ತಂಡ, ಎರಡು ಬೆಸುಗೆ ಯಂತ್ರ, ಒಂದು ಹಳೆ ಟೆಂಪೊ. ಬಜೆಟ್ಟಿನ ಆ ಸಾಲು ಪ್ರತಿ ವರ್ಷ ಉಳಿದುಕೊಂಡಿದೆ. ಬಿಗಿ ಕೈಯ ಲೆಕ್ಕಾಧಿಕಾರಿ ವರ್ಗವಾಗಿ ಹೋಗುವಾಗ ಅದರ ಕೆಳಗೆ ತಾವೇ ಷರಾ ಬರೆದು ಹೋಗಿದ್ದಾರೆ: 'ಕಡಿತ ಮಾಡುವ ಮುನ್ನ ಸ್ಥಳಕ್ಕೆ ಹೋಗಿ ಕಂಬ ಮುಟ್ಟಿ ನೋಡುವುದು.'

ನಿವೃತ್ತಿಗೆ ಇನ್ನು ಮೂರು ವರ್ಷ. ನಂತರ ಬರುವವರು ಹೇಗಿರಬೇಕು ಎಂದರೆ, "ಓದಿದವರೇ ಬರ್ಲಿ, ಕಂಪ್ಯೂಟರ್ ಗೊತ್ತಿರ್ಲಿ. ಆದ್ರೆ ನಡೆಯೋರಾಗಿರ್ಲಿ. ಜೀಪಲ್ಲಿ ಕೂತ್ರೆ ಎಲ್ಲಾ ಬೇಲಿನೂ ಚೆನ್ನಾಗೇ ಕಾಣುತ್ತೆ," ಎನ್ನುತ್ತಾರೆ.

ಬೀಳ್ಕೊಡುವಾಗ ಅಕ್ಕನೇ ನನ್ನನ್ನು ಕೇಳಿದರು, "ಅಲ್ಲಾ, ನನ್ನ ಬಗ್ಗೆ ಏನಂತ ಬರೀತೀರಿ?" ನಾನು ಪುಸ್ತಕ ತೆರೆದು ಪೆನ್ನು ಹಿಡಿದೆ.

"ಆರು ವರ್ಷದಿಂದ ಈ ಊರಲ್ಲಿ ಬೇಲಿ ಮುರಿದು ಯಾರೂ ಬಿದ್ದಿಲ್ಲ, ಏನೂ ಆಗಿಲ್ಲ ಅಂತ ಬರೀರಿ," ಎಂದರು. "ಏನೂ ಆಗದೇ ಇರೋ ಹಾಗೆ ನೋಡ್ಕೊಳ್ಳೋದಕ್ಕೆ ಎಷ್ಟು ಕೆಲಸ ಹಿಡಿಯುತ್ತೆ, ನಿಮಗೇನು ಗೊತ್ತು!"